ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್ ಬದಲಿಸುವುದು: ಮನೆಯಂಗಳದಲ್ಲೇ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಸಕಲೇಶಪುರದ ಸುತ್ತಮುತ್ತಲ ಕಾರುಗಳು ಒಂದೊಂದಾಗಿ ಸದ್ದು ಮಾಡಲು ತೊಡಗುತ್ತವೆ. ನಾಲ್ಕು ತಿಂಗಳು ತೋಟದ ರಸ್ತೆಯ ಗುಂಡಿಗಳಲ್ಲಿ ನೀರು ತುಂಬಿಕೊಂಡಿರುತ್ತದೆ. ಎಷ್ಟು ಆಳವೆಂದು ತಿಳಿಯುವುದು ಚಕ್ರ ಇಳಿದ ಮೇಲೆಯೇ. ನನ್ನ ಹ್ಯಾಚ್‌ಬ್ಯಾಕ್‌ನ ಮುಂದಿನ ಶಾಕ್ ಅಬ್ಸಾರ್ಬರ್‌ಗಳು ಎಪ್ಪತ್ತು ಸಾವಿರ ಕಿಲೋಮೀಟರ್ ದಾಟುವ ವೇಳೆಗೆ ಕೈಕೊಟ್ಟವು. ಅವನ್ನು ನಾನೇ ಬದಲಿಸಿದೆ. ಆಮೇಲೆ ತಮ್ಮನ ಕಾರಿನವು, ಅಕ್ಕನ ಮನೆಯ ಕಾರಿನವು ಬದಲಾದವು. ಈ ಕೆಲಸದಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಬರೆಯುವಾಗ ನನ್ನ ಮನಸ್ಸಿನಲ್ಲಿರುವುದು ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಐ10ನಂಥ ಸಣ್ಣ ಕಾರುಗಳು. ಇವೆಲ್ಲದರ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಜೋಡಣೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಈ ವಿನ್ಯಾಸ 1950ರಲ್ಲಿ ಬಂದ ಫೋರ್ಡ್ ಕಾನ್ಸುಲ್ ಕಾರಿನಿಂದ ಹೆಸರಾಯಿತು. ಇಂದು ಸಣ್ಣ ಕಾರುಗಳಲ್ಲಿ ಬಹುಪಾಲು ಅದನ್ನೇ ಬಳಸುತ್ತವೆ. ಇದರಲ್ಲಿ ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ ಕೂಡಿಕೊಂಡಿರುತ್ತವೆ. ಜಿಪ್ಸಿಯಂಥ ವಾಹನದಲ್ಲಿ ಮುಂದೆಯೂ ಪಟ್ಟಿ ಸ್ಪ್ರಿಂಗ್ ಇದ್ದು, ಶಾಕ್ ಬೇರೆಯಾಗಿಯೇ ಇರುತ್ತದೆ. ಅಲ್ಲಿ ಮೇಲೊಂದು ಕೆಳಗೊಂದು ಹಿಡಿತ ಬಿಚ್ಚಿದರೆ ಶಾಕ್ ಕೈಗೆ ಬರುತ್ತದೆ. ಸ್ಟ್ರಟ್‌ನಲ್ಲಿ ಹಾಗಾಗುವುದಿಲ್ಲ. ಸ್ಪ್ರಿಂಗ್ ಅನ್ನು ಬಿಗಿಹಿಡಿದು ಕುಗ್ಗಿಸದೆ ಶಾಕ್ ಹೊರಗೆ ಬರುವುದಿಲ್ಲ. ಈ ಕೆಲಸದ ಕಷ್ಟವೂ ಅಪಾಯವೂ ಬಹುಮಟ್ಟಿಗೆ ಅಲ್ಲೇ ಇದೆ.

ಶಾಕ್ ಅಬ್ಸಾರ್ಬರ್ ಮಾಡುವ ಕೆಲಸ

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಆ ಭಾರವನ್ನು ಹೊರುವುದಿಲ್ಲ. ಒಮ್ಮೆ ತೂಗಿಬಿಟ್ಟ ತೊಟ್ಟಿಲು ತನ್ನಷ್ಟಕ್ಕೆ ಆಡುತ್ತಲೇ ಇರುತ್ತದಲ್ಲ, ಒಮ್ಮೆ ಕುಗ್ಗಿದ ಸ್ಪ್ರಿಂಗ್ ಕೂಡ ಹಾಗೆಯೇ ಏಳುತ್ತ ಬೀಳುತ್ತ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕೈ ಈ ಶಾಕ್. ಅದರ ಕೊಳವೆಯೊಳಗೆ ಎಣ್ಣೆ ಇರುತ್ತದೆ. ಎಣ್ಣೆಯಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್‌ನಲ್ಲಿ ಸಣ್ಣ ರಂಧ್ರಗಳೂ ವಾಲ್ವ್‌ಗಳೂ ಇರುತ್ತವೆ. ಎಣ್ಣೆ ಆ ಇಕ್ಕಟ್ಟಿನಲ್ಲಿ ನುಸುಳಿ ಹೋಗಬೇಕಾದಾಗ ಕುಣಿತದ ಶಕ್ತಿ ಬಿಸಿಯಾಗಿ ಮಾರ್ಪಡುತ್ತದೆ. ಹಾಳು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ ಬಂದು ಶಾಕ್‌ನ ಮೈ ಮುಟ್ಟಿ ನೋಡಿದರೆ ಈ ಬಿಸಿ ಕೈಗೆ ತಿಳಿಯುತ್ತದೆ. ಎಣ್ಣೆಯಲ್ಲಿ ನೊರೆ ಏಳದಿರಲೆಂದು ಈಗಿನ ಬಹಳಷ್ಟು ಶಾಕ್‌ಗಳಲ್ಲಿ ನೈಟ್ರೋಜನ್ ಅನಿಲವನ್ನೂ ಒತ್ತಡದಲ್ಲಿ ತುಂಬಿರುತ್ತಾರೆ.

ಶಾಕ್ ಸತ್ತ ಕಾರಿನಲ್ಲಿ ಮೈಕೈ ನೋಯುವುದು ಸಣ್ಣ ತೊಂದರೆ. ಚಕ್ರ ನೆಲ ಬಿಟ್ಟು ಏಳುತ್ತದೆ ಎಂಬುದು ದೊಡ್ಡ ತೊಂದರೆ. ನೆಲ ಮುಟ್ಟದ ಟಯರಿಗೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಶಿರಾಡಿ ಘಾಟಿಯ ತಿರುವಿನಲ್ಲಿ ಒದ್ದೆ ರಸ್ತೆಯ ಮೇಲೆ ಬ್ರೇಕ್ ಒತ್ತಿದಾಗ ಕಾರಿನ ಮೂತಿ ಮುಗ್ಗರಿಸಿ, ಮತ್ತೆ ಎದ್ದು, ಮತ್ತೆ ಮುಗ್ಗರಿಸಿದ್ದನ್ನು ಅನುಭವಿಸಿದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೋಗಿರುವುದು ಶಾಕ್ ಹೌದೇ ಎಂದು ಮೊದಲು ನೋಡಿ

ಮುಂಭಾಗದಲ್ಲಿ ಟಕ್ ಟಕ್ ಎಂದರೆ ಶಾಕ್ ಹೋಗಿದೆ ಎಂದು ತೀರ್ಮಾನಿಸುವುದು ಬಹಳ ಜನರ ರೂಢಿ. ನಾನೂ ಮೊದಲ ಬಾರಿ ಹಾಗೆಯೇ ಮಾಡಿದೆ. ಹೊಸ ಶಾಕ್ ಹಾಕಿ ಕಾರು ಇಳಿಸಿ ರಸ್ತೆಗೆ ಹೋದರೆ ಅದೇ ಸದ್ದು. ಕೊನೆಗೆ ಸಿಕ್ಕ ಅಪರಾಧಿ, ಎರಡೂ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ತುದಿಗೆ ಸೇರಿದ ಅಂಗೈಯುದ್ದದ ಲಿಂಕ್ ರಾಡ್. ಅದರ ಗುಂಡು ಕೀಲು ಸವೆದು ಹೋಗಿತ್ತು. ಶಾಕ್ ಕೂಡ ಸೋರುತ್ತಿದ್ದುದರಿಂದ ಹಣ ವ್ಯರ್ಥವಾಗಲಿಲ್ಲ. ಆದರೆ ಅಂದಿನಿಂದ ಪರೀಕ್ಷೆ ಮಾಡದೆ ಏನನ್ನೂ ಕೊಳ್ಳುವುದಿಲ್ಲ.

ಸ್ಟೇರಿಂಗ್ ಅನ್ನು ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಟಾರ್ಚ್ ಹಿಡಿದು ಶಾಕ್‌ನ ಮೈ ನೋಡಿ. ಪಿಸ್ಟನ್ ಜೊತೆ ಮೇಲೆ ಕೆಳಗೆ ಆಡುವ ದಂಡದ ಬುಡದಲ್ಲಿ ತೆಳುವಾದ ಎಣ್ಣೆಯ ಪಸೆ ಇದ್ದರೆ ಗಾಬರಿಪಡಬೇಕಾಗಿಲ್ಲ. ಸೀಲ್ ಸ್ವಲ್ಪ ಬೆವರುವುದು ಸಹಜ. ಕೊಳವೆಯ ಅರ್ಧದವರೆಗೆ ಎಣ್ಣೆ ಇಳಿದು ಧೂಳು ಮೆತ್ತಿ ಕಪ್ಪು ಕೆಸರಿನಂತಾಗಿದ್ದರೆ ಸೀಲ್ ಹೋಗಿದೆ ಎಂದೇ ಅರ್ಥ. ಆಮೇಲೆ ಟಯರಿನ ಮೇಲೆ ಅಂಗೈ ಸವರಿ. ಒಂದೆಡೆ ಉಬ್ಬು, ಒಂದೆಡೆ ತಗ್ಗು, ಹೀಗೆ ಅಲೆಅಲೆಯಾಗಿ ಸವೆದಿದ್ದರೆ ಚಕ್ರ ಕುಪ್ಪಳಿಸುತ್ತ ಓಡಿದೆ. ಬಾನೆಟ್ಟಿನ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟು ನೋಡುವ ಹಳೆಯ ಪರೀಕ್ಷೆಯೂ ಇದೆ. ಕಾರು ಮೇಲೆದ್ದು ಒಮ್ಮೆ ಇಳಿದು ನಿಲ್ಲಬೇಕು. ಎರಡು ಮೂರು ಸಲ ತೂಗಾಡಿದರೆ ಶಾಕ್ ಸತ್ತಿದೆ. ಆದರೆ ತೂಗಾಡಲಿಲ್ಲವೆಂಬ ಮಾತ್ರಕ್ಕೆ ಶಾಕ್ ಚೆನ್ನಾಗಿದೆ ಎನ್ನಲಾಗದು. ಅರ್ಧ ಸವೆದ ಶಾಕ್ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ.

ಸದ್ದಿನ ಗುಣವೂ ದಾರಿ ತೋರಿಸುತ್ತದೆ. ನಿಂತ ಕಾರಿನಲ್ಲಿ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಕಿರ್ ಎಂದು ತಿರುಚಿಕೊಂಡು ಟಣ್ ಎಂದು ಬಿಟ್ಟುಕೊಂಡರೆ ಮೇಲಿನ ಬೇರಿಂಗ್ ಹಿಡಿದುಕೊಂಡಿದೆ. ಹಂಪ್ ದಾಟುವಾಗ ಬಾನೆಟ್ಟಿನ ಹತ್ತಿರ ದಪ್ಪನೆಯ ಧಡ್ ಕೇಳಿದರೆ ಸ್ಟ್ರಟ್ ತುದಿಯನ್ನು ಕಾರಿನ ಮೈಗೆ ಹಿಡಿದಿಡುವ ಮೇಲಿನ ಮೌಂಟಿಂಗ್ ರಬ್ಬರ್ ಹರಿದಿರುವ ಸಂಭವ ಹೆಚ್ಚು. ಸಣ್ಣ ಜಲ್ಲಿಯ ಮೇಲೆ ನಿಧಾನವಾಗಿ ಹೋಗುವಾಗ ಒಂದೇ ಸಮನೆ ಕಟಕಟ ಎಂದರೆ ಲಿಂಕ್ ರಾಡ್ ಅನ್ನೂ ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ಕೆಳಗಿನ ಆರ್ಮ್‌ನ ಬಾಲ್ ಜಾಯಿಂಟ್ ಅನ್ನೂ ಅಲ್ಲಾಡಿಸಿ ನೋಡಿ.

ಕೊಳ್ಳಬೇಕಾದವು

ಶಾಕ್ ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕು. ಎಡಗಡೆಯದು ಮಾತ್ರ ಸೋರುತ್ತಿದೆ, ಅದೊಂದೇ ಸಾಕು ಎಂಬ ಲೆಕ್ಕ ತಪ್ಪು. ಹೊಸದು ಗಟ್ಟಿಯಾಗಿ ಹಿಡಿಯುತ್ತದೆ, ಹಳೆಯದು ಸಡಿಲ ಬಿಡುತ್ತದೆ, ತಿರುವಿನಲ್ಲಿಯೂ ಬ್ರೇಕಿನಲ್ಲಿಯೂ ಕಾರು ಎರಡು ರೀತಿ ನಡೆದುಕೊಳ್ಳುತ್ತದೆ. ಅಂಗಡಿಯಲ್ಲಿ ಕೇಳುವಾಗ ಕಾರಿನ ಮಾದರಿ ಮತ್ತು ತಯಾರಾದ ವರ್ಷದ ಜೊತೆಗೆ ಪೆಟ್ರೋಲೋ ಡೀಸೆಲೋ ಎಂಬುದನ್ನೂ ಹೇಳಿ. ಡೀಸೆಲ್ ಎಂಜಿನ್ ಹೆಚ್ಚು ಭಾರ, ಹಾಗಾಗಿ ಶಾಕ್ ಬೇರೆಯಾಗಿರಬಹುದು. ಎಡ ಬಲಗಳೂ ಬೇರೆ ಬೇರೆ. ಬ್ರೇಕ್ ಹೋಸ್ ಸಿಕ್ಕಿಸುವ ಬ್ರಾಕೆಟ್ ಎದುರುಬದುರಾಗಿರುತ್ತದೆ.

ಜಿಪುಣತನ ಮಾಡಲೇಬಾರದ ಜಾಗವೆಂದರೆ ಸಣ್ಣ ಸಾಮಾನುಗಳು: ಮೇಲಿನ ಮೌಂಟಿಂಗ್, ಅದರ ಬೇರಿಂಗ್, ಶಾಕ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ಬಂಪ್ ಸ್ಟಾಪರ್, ಧೂಳು ತಡೆಯುವ ರಬ್ಬರ್ ಕವರ್, ಸ್ಪ್ರಿಂಗಿನ ಕೆಳಗೆ ಮೇಲೆ ಕೂರುವ ರಬ್ಬರ್ ಪೀಠಗಳು. ಇವನ್ನು ಬದಲಿಸಲು ಶಾಕ್ ಬದಲಿಸುವಷ್ಟೇ ಕೆಲಸವಿದೆ. ಹಳೆಯ ಬೇರಿಂಗ್ ಅನ್ನೇ ಮತ್ತೆ ಹಾಕಿ ಆರು ತಿಂಗಳಿಗೆ ಅದು ಕಿರುಗುಟ್ಟಿದರೆ ಇಡೀ ಕೆಲಸವನ್ನು ಮೊದಲಿನಿಂದ ಮಾಡಬೇಕು. ತಮ್ಮನ ಕಾರಿನ ಹಳೆಯ ಮೌಂಟಿಂಗ್ ಈಗಲೂ ನನ್ನ ಷೆಡ್ಡಿನ ಗೂಡಿನಲ್ಲಿದೆ. ಮೇಲಿನಿಂದ ನೋಡಿದರೆ ಹೊಸದರಂತೆಯೇ ಕಾಣುತ್ತದೆ. ಮಗುಚಿ ಹಿಡಿದು ನಡುವಿನ ಲೋಹದ ಬಳೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ರಬ್ಬರ್ ಬಾಯಿ ಬಿಡುತ್ತದೆ, ಒಳಗೆ ಉಗುರು ತೂರುವಷ್ಟು ಬಿರುಕು ಸುತ್ತಲೂ ಓಡಿದೆ. ಕಾರಿನಲ್ಲಿ ಕೂತಿರುವಾಗ ಇದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಒಮ್ಮೆ ಬಿಚ್ಚಿದ ಲಾಕ್ ನಟ್‌ಗಳನ್ನು ಮತ್ತೆ ಬಳಸಬೇಡಿ, ಹೊಸವನ್ನೇ ತನ್ನಿ. ಬಿಗಿಯಬೇಕಾದ ಟಾರ್ಕ್, ಅಂದರೆ ತಿರುಗಿಸುವ ಬಲ, ಎಷ್ಟೆಂಬುದು ಪ್ರತಿ ಮಾದರಿಗೂ ಬೇರೆ. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ನೋಡಿ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಸಲಕರಣೆಗಳು

ಗಟ್ಟಿಮುಟ್ಟಾದ ಜಾಕಿ, ಎರಡು ಆಕ್ಸಲ್ ಸ್ಟ್ಯಾಂಡ್, 10ರಿಂದ 19ರವರೆಗಿನ ಸಾಕೆಟ್ ಮತ್ತು ರಿಂಗ್ ಸ್ಪ್ಯಾನರ್‌ಗಳು, ಉದ್ದ ಹಿಡಿಯ ಲಿವರ್, ಆಲನ್ ಕೀಗಳ ಸೆಟ್, ಟಾರ್ಕ್ ರೆಂಚ್, ತಂತಿ ಬ್ರಷ್, ಸುತ್ತಿಗೆ, ಹಿತ್ತಾಳೆಯ ಅಥವಾ ಗಟ್ಟಿ ಮರದ ಒಂದು ಗೂಟ, ಬಿಳಿ ಪೇಂಟ್ ಪೆನ್, ತುಕ್ಕು ಬಿಡಿಸುವ ಸ್ಪ್ರೇ, ಒಂದು ಮಾರು ಗಟ್ಟಿ ತಂತಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು. ಇವುಗಳ ಜೊತೆಗೆ ಸ್ಪ್ರಿಂಗನ್ನು ಕುಗ್ಗಿಸಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಬೇಕು. ಅದರ ವಿಚಾರ ಮುಂದೆ ಬರುತ್ತದೆ.

ಟಾರ್ಕ್ ರೆಂಚ್ ಇಲ್ಲದವರು ಯಾರಿಂದಲಾದರೂ ಎರವಲು ತನ್ನಿ. ಚಕ್ರವನ್ನು ಹಿಡಿದಿಡುವ ಬೋಲ್ಟುಗಳನ್ನು ಕೈಯ ಅಂದಾಜಿಗೆ ಬಿಡುವುದು ನನಗೆ ಒಪ್ಪುವುದಿಲ್ಲ.

ಕೆಲಸದ ಹಿಂದಿನ ಸಂಜೆಯೇ ಶಾಕ್‌ನ ಬುಡದ ಎರಡು ಬೋಲ್ಟುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ಸ್ಪ್ರೇ ಹೊಡೆದು ಬಿಡಿ. ಎಣ್ಣೆ ಬ್ರೇಕ್ ಡಿಸ್ಕಿನ ಮೇಲೆ ಬೀಳದಂತೆ ಬಟ್ಟೆ ಅಡ್ಡ ಹಿಡಿಯಿರಿ. ನಮ್ಮ ಕಡೆಯ ಮಳೆಗೆ ತುಕ್ಕು ಹಿಡಿದ ಬೋಲ್ಟು ಈ ಒಂದು ರಾತ್ರಿಯ ನೆನೆಯುವಿಕೆಯಿಂದ ಅರ್ಧ ದಾರಿಗೆ ಬರುತ್ತದೆ. ಮೊದಲ ಸಲ ಮಾಡುವವರು ಒಂದು ಪೂರ್ತಿ ಭಾನುವಾರವನ್ನು ಇದಕ್ಕೇ ಎತ್ತಿಡಿ. ಸಂಜೆ ಮದುವೆಗೆ ಹೊರಡಬೇಕಾದ ದಿನ ಶುರು ಮಾಡಬೇಡಿ.

ಕಾರು ಎತ್ತುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ಕಾಂಕ್ರೀಟ್ ಅಂಗಳ ಒಳ್ಳೆಯದು. ಮಣ್ಣಿನಂಗಳವಾದರೆ ಜಾಕಿಯ ಅಡಿಗೂ ಸ್ಟ್ಯಾಂಡಿನ ಅಡಿಗೂ ದಪ್ಪ ಹಲಗೆ ಇಡಿ. ಇಲ್ಲಿ ಬಹಳ ಜನ ಮರೆಯುವ ಒಂದು ಸಂಗತಿ ಇದೆ. ಈ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಮುಂಭಾಗ ಎತ್ತಿದ ಮೇಲೆ ಗೇರ್‌ನಲ್ಲಿ ಇಟ್ಟಿದ್ದರೂ ಕಾರನ್ನು ಹಿಡಿದಿಡುವ ಬಲ ಅದಕ್ಕಿರುವುದಿಲ್ಲ. ಹಿಡಿಯುವುದು ಹಿಂದಿನ ಚಕ್ರದ ಹ್ಯಾಂಡ್ ಬ್ರೇಕ್ ಒಂದೇ. ಆದ್ದರಿಂದ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡಿನ ಅಡ್ಡ ಕೊಡಲೇಬೇಕು.

ಚಕ್ರದ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಆಮೇಲೆ ಕಂಪನಿ ಸೂಚಿಸಿದ ಜಾಗದಲ್ಲಿಯೇ ಜಾಕಿ ಕೊಟ್ಟು, ಮುಂದಿನ ಎರಡೂ ಬದಿಯನ್ನು ಎತ್ತಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಒಂದೇ ಬದಿ ಎತ್ತಿದರೆ ಎರಡೂ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಲಿಂಕ್ ರಾಡ್ ಬಿಚ್ಚಲು ಕಾಡುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಪೇರಿಸಿದ ಕಲ್ಲುಗಳ ಮೇಲೆ ಕಾರನ್ನು ಎಂದಿಗೂ ನಿಲ್ಲಿಸಬೇಡಿ. ಅವು ಮುನ್ಸೂಚನೆ ಕೊಡದೆ ಸೀಳಿಬಿಡುತ್ತವೆ. ಕೂರಿಸಿದ ಮೇಲೆ ಕಾರನ್ನು ಪಕ್ಕದಿಂದ ಒಮ್ಮೆ ಜೋರಾಗಿ ತಳ್ಳಿ ನೋಡಿ. ಅಲುಗುವುದಿದ್ದರೆ ನೀವು ಹೊರಗಿರುವಾಗಲೇ ಅಲುಗಲಿ. ಬಿಚ್ಚಿದ ಚಕ್ರವನ್ನು ಬಾಗಿಲಿನ ಕೆಳಗಿನ ಅಂಚಿನಡಿ ಮಲಗಿಸಿಡಿ. ಸ್ಟ್ಯಾಂಡ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ.

ಸ್ಟ್ರಟ್ ಬಿಚ್ಚುವುದು

ಒಂದು ಬದಿ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಿ. ಯಾವ ವಾಶರ್ ಎಲ್ಲಿತ್ತು ಎಂಬ ಗೊಂದಲವಾದಾಗ ಬಿಚ್ಚದ ಬದಿ ನಿಮಗೆ ಉತ್ತರ ಹೇಳುತ್ತದೆ. ಹೆಜ್ಜೆ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಮೊದಲು ಶಾಕ್‌ಗೆ ಸಿಕ್ಕಿಸಿರುವ ಬ್ರೇಕ್ ಹೋಸ್ ಬಿಡಿಸಿ. ಅದು ಕ್ಲಿಪ್ಪಿನಲ್ಲೋ ಸಣ್ಣ ಬೋಲ್ಟಿನಲ್ಲೋ ಇರುತ್ತದೆ. ಹೋಸ್ ಅನ್ನು ಬ್ರಾಕೆಟ್‌ನಿಂದ ಬಿಡಿಸಬೇಕು ಅಷ್ಟೆ, ಬ್ರೇಕ್ ಎಣ್ಣೆಯ ಸಂಪರ್ಕ ಬಿಚ್ಚಬಾರದು. ಎಬಿಎಸ್ ಇರುವ ಕಾರಾದರೆ ಸೆನ್ಸರಿನ ತೆಳು ತಂತಿಯೂ ಅಲ್ಲೇ ಹಾದುಹೋಗಿರುತ್ತದೆ. ಅದನ್ನು ಎಳೆಯದೆ ಬಿಡಿಸಿ. ಲಿಂಕ್ ರಾಡ್ ಶಾಕ್‌ಗೆ ಸೇರಿದ್ದರೆ ಅದರ ನಟ್ ತೆಗೆಯಿರಿ. ನಟ್ ಜೊತೆ ಒಳಗಿನ ಕೀಲೂ ತಿರುಗುತ್ತಿದ್ದರೆ ಅದರ ತುದಿಯಲ್ಲಿ ಆಲನ್ ಕೀ ಹಿಡಿದು ನಟ್ ತಿರುಗಿಸಬೇಕು. ಕೆಲವು ಕಾರುಗಳಲ್ಲಿ ಈ ರಾಡ್ ಕೆಳಗಿನ ಆರ್ಮ್‌ಗೆ ಸೇರಿರುತ್ತದೆ, ಅಲ್ಲಿ ಮುಟ್ಟುವ ಅಗತ್ಯವಿಲ್ಲ.

ಈಗ ಬುಡದ ಎರಡು ದೊಡ್ಡ ಬೋಲ್ಟುಗಳು. ಶಾಕ್‌ನ ಬುಡವನ್ನು ಚಕ್ರವನ್ನು ಹೊತ್ತಿರುವ ನಕಲ್ ಎಂಬ ಲೋಹದ ಭಾಗಕ್ಕೆ ಹಿಡಿದಿರುವುದು ಇವೇ. ಬಿಚ್ಚುವ ಮೊದಲು ನಕಲ್ ಮತ್ತು ಶಾಕ್ ಬ್ರಾಕೆಟ್ ಕೂಡುವ ಅಂಚಿನಲ್ಲಿ ಬಿಳಿ ಗೆರೆ ಎಳೆಯಿರಿ. ಬೋಲ್ಟಿನ ತಲೆಯ ಸ್ಥಾನವನ್ನೂ ಗುರುತಿಸಿ. ಈ ರಂಧ್ರಗಳಲ್ಲಿರುವ ಕೂದಲೆಳೆಯ ಸಡಿಲವೇ ಚಕ್ರ ಒಳಕ್ಕೆ ವಾಲುತ್ತದೋ ಹೊರಕ್ಕೆ ವಾಲುತ್ತದೋ ಎಂಬುದನ್ನು ಬದಲಿಸಬಲ್ಲದು. ಹಲವು ಕಾರುಗಳಲ್ಲಿ ಬೋಲ್ಟಿನ ಕುತ್ತಿಗೆಗೆ ಹಲ್ಲುಗಳಿದ್ದು ರಂಧ್ರವನ್ನು ಕಚ್ಚಿಕೊಂಡಿರುತ್ತವೆ. ಬೋಲ್ಟನ್ನೇ ತಿರುಗಿಸಿದರೆ ಆ ಹಲ್ಲು ಹಾಳಾಗುತ್ತದೆ. ತಲೆಯನ್ನು ಸ್ಪ್ಯಾನರಿನಲ್ಲಿ ಹಿಡಿದು ನಟ್ ಅನ್ನು ತಿರುಗಿಸಿ. ನಟ್ ಬಿಟ್ಟ ಮೇಲೆ ಬೋಲ್ಟನ್ನು ಸುತ್ತಿಗೆಯಿಂದ ನೇರವಾಗಿ ಹೊಡೆಯಬೇಡಿ. ನಟ್ ಅನ್ನು ತುದಿಗೆ ಸಮನಾಗಿ ಮತ್ತೆ ಸುತ್ತಿ, ಹಿತ್ತಾಳೆ ಅಥವಾ ಮರದ ಗೂಟ ಇಟ್ಟು ತಟ್ಟಿ. ಹೊರಬರುವ ಹಂತಕ್ಕೆ ಬಂದಾಗ ನಟ್ ತೆಗೆದು ಕೈಯಿಂದ ಎಳೆಯಿರಿ.

ಎರಡನೆಯ ಬೋಲ್ಟು ತೆಗೆಯುವ ಮೊದಲು ನಕಲ್ ಹೊರಕ್ಕೆ ಬಾಗಿ ಬೀಳದಂತೆ ತಂತಿಯಿಂದ ಕಟ್ಟಬೇಕು. ಕೆಳಗಿನ ಆರ್ಮ್‌ಗೆ ಜಾಕಿಯ ಮೆಲ್ಲನೆಯ ಆಸರೆಯನ್ನೂ ಕೊಡಬೇಕು. ಇದನ್ನು ನಿರ್ಲಕ್ಷಿಸಿದರೆ ನಕಲ್ ತೂಕಕ್ಕೆ ವಾಲಿ, ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್ ಅನ್ನು ಎಳೆಯುತ್ತದೆ. ಒಳಗಿನ ಜಾಯಿಂಟ್ ಬಿಟ್ಟುಕೊಂಡರೆ ನಿಮ್ಮ ಭಾನುವಾರದ ಕೆಲಸ ವಾರದ ಕೆಲಸವಾಗುತ್ತದೆ. ಬ್ರೇಕ್ ಹೋಸ್ ಮೇಲೂ ಭಾರ ಬೀಳಬಾರದು.

ಕೊನೆಗೆ ಬಾನೆಟ್ ಎತ್ತಿ ಮೇಲಿನ ನಟ್‌ಗಳಿಗೆ ಬನ್ನಿ. ಮಾದರಿಗೆ ತಕ್ಕಂತೆ ಮೌಂಟಿಂಗ್ ಸುತ್ತ ಎರಡು ಅಥವಾ ಮೂರು ನಟ್ ಇರುತ್ತವೆ. ಕೆಲವು ಕಾರುಗಳಲ್ಲಿ ನಡುವೆ ಒಂದೇ ದೊಡ್ಡ ನಟ್ ಇರುತ್ತದೆ. ಕೆಲವದರಲ್ಲಿ ವೈಪರ್ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯದೆ ಅವು ಕಾಣುವುದೇ ಇಲ್ಲ. ಸುತ್ತಲಿನ ನಟ್‌ಗಳಿರುವ ಕಾರಿನಲ್ಲಿ ನಡುವಿನ ನಟ್ ಅನ್ನು ಈಗ ಖಂಡಿತ ಮುಟ್ಟಬಾರದು. ಕುಗ್ಗಿದ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಅದೇ. ನಡುವೆ ಒಂದೇ ನಟ್ ಇರುವ ಮಾದರಿಯಲ್ಲಿ ಯಾವುದು ಸ್ಟ್ರಟ್ ಅನ್ನು ಕಾರಿನ ಮೈಗೆ ಹಿಡಿದಿದೆ, ಯಾವುದು ಸ್ಪ್ರಿಂಗನ್ನು ಹಿಡಿದಿದೆ ಎಂಬುದನ್ನು ಮ್ಯಾನ್ಯುಯಲ್ ಚಿತ್ರದಲ್ಲಿ ಕಣ್ಣಾರೆ ನೋಡಿಕೊಂಡ ಮೇಲೆಯೇ ಸ್ಪ್ಯಾನರ್ ಹಚ್ಚಿ. ಕೊನೆಯ ನಟ್ ತೆಗೆಯುವಾಗ ಕೆಳಗಿನಿಂದ ಇನ್ನೊಬ್ಬರು ಸ್ಟ್ರಟ್ ಹಿಡಿದುಕೊಂಡಿರಲಿ. ಅದು ಎಣಿಸಿದ್ದಕ್ಕಿಂತ ಭಾರ.

ಸ್ಪ್ರಿಂಗ್

ಇಲ್ಲಿ ಆತುರ ಪೂರ್ತಿ ಬಿಡಬೇಕು. ಸುಮಾರು 800 ಕಿಲೋ ತೂಗುವ ಸಣ್ಣ ಕಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾರ ಮುಂದಿನ ಚಕ್ರಗಳ ಮೇಲಿರುತ್ತದೆ. ಅಂದರೆ ಒಂದೊಂದು ಮುಂದಿನ ಸ್ಪ್ರಿಂಗ್ ದಿನವೂ 200 ಕಿಲೋಗೆ ಮಿಕ್ಕಿದ ಭಾರವನ್ನು ಎತ್ತಿ ಹಿಡಿದಿರುತ್ತದೆ. ಕಾರಿನಿಂದ ಹೊರಬಂದ ಸ್ಟ್ರಟ್ ನೆಲದ ಮೇಲೆ ಸುಮ್ಮನೆ ಮಲಗಿದ್ದರೂ ಸ್ಪ್ರಿಂಗ್ ಕುಗ್ಗಿದ ಸ್ಥಿತಿಯಲ್ಲಿಯೇ ಇದೆ. ಕುಗ್ಗಿಸಿ ಹಿಡಿಯದೆ ನಡುವಿನ ನಟ್ ಬಿಚ್ಚಿದರೆ ಮೌಂಟಿಂಗ್ ಗುಂಡಿನಂತೆ ಹಾರುತ್ತದೆ. ಇದರಿಂದ ಕೈ ಮುಖ ಕಳೆದುಕೊಂಡವರಿದ್ದಾರೆ, ಪ್ರಾಣವೂ ಹೋಗಬಹುದು.

ನನ್ನ ಸಲಹೆ ನೇರವಾಗಿದೆ. ಇದುವರೆಗಿನ ಕೆಲಸವನ್ನು ಮನೆಯಲ್ಲಿ ಮಾಡಿ, ಇದೊಂದನ್ನು ಗ್ಯಾರೇಜಿನಲ್ಲಿ ಮಾಡಿಸಿ. ಗೋಡೆಗೋ ನೆಲಕ್ಕೋ ಬಿಗಿದ ಸ್ಪ್ರಿಂಗ್ ಪ್ರೆಸ್ ಇರುವ ಗ್ಯಾರೇಜಿಗೆ ಎರಡು ಸ್ಟ್ರಟ್ ಮತ್ತು ಹೊಸ ಸಾಮಾನುಗಳನ್ನು ಚೀಲದಲ್ಲಿ ಒಯ್ದರೆ ಅರ್ಧ ಗಂಟೆಯಲ್ಲಿ ಜೋಡಿಸಿ ಕೊಡುತ್ತಾರೆ. ಆಗ ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚಬೇಕಾಗುತ್ತದೆ, ಫೋಟೋಗಳು ಉಪಯೋಗಕ್ಕೆ ಬರುತ್ತವೆ. ನಾನು ಮೊದಲ ಸಲ ಹಾಗೆಯೇ ಮಾಡಿದೆ. ಅಲ್ಲಿದ್ದ ವಯಸ್ಸಾದ ಮೇಸ್ತ್ರಿ ಪ್ರೆಸ್ಸಿನ ಹಿಡಿ ತಿರುಗಿಸುವ ಮುನ್ನ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. "ಸ್ಪ್ರಿಂಗಿನ ನೇರಕ್ಕೆ ಯಾವತ್ತೂ ನಿಲ್ಲಬೇಡಿ ಸಾರ್. ಅದಕ್ಕೆ ಎರಡೇ ದಿಕ್ಕು, ಮೇಲೆ ಮತ್ತು ಕೆಳಗೆ. ನಾವು ಮೂರನೆಯ ದಿಕ್ಕಿನಲ್ಲಿ ಇರಬೇಕು" ಎಂದರು. ನಲವತ್ತು ವರ್ಷ ಅದೇ ಕೆಲಸ ಮಾಡಿದವರು ಆ ದಿನವೂ ಪಕ್ಕದಲ್ಲೇ ನಿಂತು ತಿರುಗಿಸುತ್ತಿದ್ದರು.

ಕೈಯಿಂದ ಬಿಗಿಯುವ ಜೋಡಿ ಕಂಪ್ರೆಸರಿನಲ್ಲಿ ಮನೆಯಲ್ಲೇ ಮಾಡುವವರು ಗಟ್ಟಿಯಾದ, ಕೊಕ್ಕೆ ಸವೆಯದ, ಜಾರದಂತೆ ಪಿನ್ ಇರುವ ಕಂಪ್ರೆಸರನ್ನೇ ಬಳಸಿ. ಎರಡನ್ನೂ ಸ್ಪ್ರಿಂಗಿನ ಎದುರುಬದುರಿಗೆ ಹಾಕಿ, ಸಾಧ್ಯವಾದಷ್ಟು ಹೆಚ್ಚು ಸುತ್ತುಗಳನ್ನು ಕೊಕ್ಕೆಗಳ ನಡುವೆ ಹಿಡಿಯಿರಿ. ಹಾಕುವ ಮೊದಲೇ ಸ್ಪ್ರಿಂಗಿನ ತುದಿ ಎಲ್ಲಿ ಕೂತಿದೆ, ಮೌಂಟಿಂಗ್ ಯಾವ ಕಡೆಗೆ ತಿರುಗಿದೆ ಎಂದು ಪೇಂಟ್ ಪೆನ್ನಿನಲ್ಲಿ ಗುರುತು ಹಾಕಿ. ಆಮೇಲೆ ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು ಎಂದು ಸಮನಾಗಿ ಬಿಗಿಯುತ್ತ ಹೋಗಿ. ಒಂದೇ ಕಡೆ ಬಿಗಿದರೆ ಸ್ಪ್ರಿಂಗ್ ಬಾಳೆಕಾಯಿಯಂತೆ ಬಾಗಿ ಕೊಕ್ಕೆ ಜಾರುತ್ತದೆ. ವಿದ್ಯುತ್ ಇಂಪ್ಯಾಕ್ಟ್ ಗನ್ ಇಲ್ಲಿ ಬೇಡವೇ ಬೇಡ. ಸ್ಪ್ರಿಂಗ್ ಪೀಠದಿಂದ ಬಿಟ್ಟುಕೊಂಡು ಕೈಯಲ್ಲಿ ಅಲ್ಲಾಡಿಸಿದರೆ ತಿರುಗುವಂತಾದಾಗ ಬಿಗಿಯುವುದನ್ನು ನಿಲ್ಲಿಸಿ. ಸುತ್ತುಗಳು ಒಂದಕ್ಕೊಂದು ತಾಗುವವರೆಗೆ ಬಿಗಿಯುವ ಅಗತ್ಯವಿಲ್ಲ.

ಈಗ ನಡುವಿನ ನಟ್. ದಂಡದ ತುದಿಯಲ್ಲಿ ಆಲನ್ ಕೀ ಹಿಡಿದು, ರಿಂಗ್ ಸ್ಪ್ಯಾನರಿನಿಂದ ನಟ್ ತಿರುಗಿಸಿ. ಮೌಂಟಿಂಗ್, ಬೇರಿಂಗ್, ಮೇಲಿನ ಪೀಠ, ಸ್ಪ್ರಿಂಗ್, ರಬ್ಬರ್ ಕವರ್, ಬಂಪ್ ಸ್ಟಾಪರ್ ಇವುಗಳನ್ನು ಬಂದ ಕ್ರಮದಲ್ಲಿಯೇ ಹಳೆಯ ದಿನಪತ್ರಿಕೆಯ ಮೇಲೆ ಸಾಲಾಗಿ ಇಡಿ. ಕುಗ್ಗಿರುವ ಸ್ಪ್ರಿಂಗನ್ನು ಯಾರೂ ಓಡಾಡದ ಮೂಲೆಯಲ್ಲಿ ಮಲಗಿಸಿ. ಮಕ್ಕಳನ್ನೂ ನಾಯಿಯನ್ನೂ ಅಂಗಳದಿಂದ ಒಳಗೆ ಕಳಿಸಿ.

ಹಳೆಯದರ ಪಕ್ಕದಲ್ಲಿ ಹೊಸದನ್ನು ನಿಲ್ಲಿಸಿ ಒಮ್ಮೆ ದಂಡ ಒತ್ತಿ ನೋಡಿ. ನನ್ನ ಹಳೆಯ ಶಾಕ್‌ನ ದಂಡ ಒಂದೇ ಬೆರಳಿಗೆ ಸರ್ರನೆ ಇಳಿದು ಅಲ್ಲೇ ಉಳಿಯಿತು. ಒಳಗೆ ಎಣ್ಣೆ ಕುಲುಕುವ ಸಪ್ಪಳ ಕೇಳಿಸಿತು. ಹೊಸದನ್ನು ಎರಡೂ ಅಂಗೈಯಿಂದ ಒತ್ತಬೇಕಾಯಿತು, ಬಿಟ್ಟ ಕೂಡಲೇ ನಿಧಾನವಾಗಿ ತಾನೇ ಮೇಲೆದ್ದು ಬಂತು. ಇಷ್ಟು ದಿನ ಯಾವುದರ ಮೇಲೆ ಕೂತು ಘಾಟಿ ಇಳಿಯುತ್ತಿದ್ದೆ ಎಂಬುದು ಆಗ ಅರ್ಥವಾಯಿತು.

ಜೋಡಿಸುವುದು

ಹೊಸ ಶಾಕ್ ಅಂಗಡಿಯಲ್ಲಿ ಅಡ್ಡಲಾಗಿ ಮಲಗಿತ್ತು. ಒಳಗಿನ ಎಣ್ಣೆಯೂ ಗಾಳಿಯೂ ಬೆರೆತಿರಬಹುದು. ಅದನ್ನು ನೆಟ್ಟಗೆ ನಿಲ್ಲಿಸಿ ದಂಡವನ್ನು ನಾಲ್ಕೈದು ಸಲ ಪೂರ್ತಿ ಕೆಳಗೊತ್ತಿ ಪೂರ್ತಿ ಮೇಲೆಳೆಯಿರಿ. ನಡುವೆ ಸಿಕ್ಕುವ ಪೊಳ್ಳುತನ ಮಾಯವಾಗಿ ಒಂದೇ ಸಮನೆ ತಡೆ ಸಿಗಬೇಕು. ಆಮೇಲೆ ಅದನ್ನು ನೆಟ್ಟಗೇ ಇಟ್ಟುಕೊಳ್ಳಿ.

ಹೊಳೆಯುವ ದಂಡವನ್ನು ಇಕ್ಕಳದಲ್ಲಿ ಹಿಡಿಯಬೇಡಿ. ಕಣ್ಣಿಗೆ ಕಾಣದ ಗೀರು ಕೂಡ ಸೀಲಿನ ರಬ್ಬರನ್ನು ಉಜ್ಜಿ ಉಜ್ಜಿ ಹರಿಯುತ್ತದೆ, ಕೆಲವೇ ತಿಂಗಳಲ್ಲಿ ಎಣ್ಣೆ ಸೋರುತ್ತದೆ. ಮೇಲಿನ ನಟ್ ಅನ್ನು ಇಂಪ್ಯಾಕ್ಟ್ ಗನ್‌ನಲ್ಲಿ ಬಿಗಿಯುವ ಅಭ್ಯಾಸ ಹಲವೆಡೆ ಇದೆ. ಆ ರಭಸಕ್ಕೆ ದಂಡ ಗಿರಗಿರನೆ ತಿರುಗಿ ಒಳಗಿನ ಪಿಸ್ಟನ್ ಮತ್ತು ಸೀಲಿಗೆ ಪೆಟ್ಟಾಗುತ್ತದೆ. ಗ್ಯಾರೇಜಿನಲ್ಲಿ ಮಾಡಿಸುವಾಗ ಕೈಯಿಂದಲೇ ಬಿಗಿಯಿರಿ ಎಂದು ಕೇಳಿಕೊಳ್ಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಹಳೆಯ ಸ್ಪ್ರಿಂಗನ್ನೇ ಬಳಸುವುದಾದರೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಪರೀಕ್ಷಿಸಿ. ಒಡೆಯುವುದು ಸಾಮಾನ್ಯವಾಗಿ ಕೆಳಗಿನ ಕೊನೆಯ ಸುತ್ತಿನಲ್ಲಿ, ಕೆಸರು ನಿಂತು ಬಣ್ಣ ಎದ್ದು ತುಕ್ಕು ಹಿಡಿದ ಕಡೆ. ಬಿರುಕು ಕಂಡರೆ ಎರಡೂ ಸ್ಪ್ರಿಂಗ್ ಬದಲಾಗಬೇಕು.

ದಂಡಕ್ಕೆ ಬಂಪ್ ಸ್ಟಾಪರ್ ಮತ್ತು ಕವರ್ ಹಾಕಿ, ಕೆಳಗಿನ ರಬ್ಬರ್ ಪೀಠ ಇಟ್ಟು, ಸ್ಪ್ರಿಂಗ್ ಕೂರಿಸಿ. ಕೆಳಗಿನ ತಟ್ಟೆಯಲ್ಲಿ ಒಂದು ಮೆಟ್ಟಿಲಿನಂಥ ತಡೆ ಇರುತ್ತದೆ, ಸ್ಪ್ರಿಂಗಿನ ತುದಿ ಅದಕ್ಕೆ ಒರಗಿ ನಿಲ್ಲಬೇಕು. ಮೇಲಿನ ಪೀಠದಲ್ಲಿ ಬಾಣದ ಗುರುತೋ ಗೀಟೋ ಇದ್ದರೆ ಅದು ಹಳೆಯದರಲ್ಲಿ ಯಾವ ಕಡೆಗೆ ಇತ್ತೋ ಆ ಕಡೆಗೇ ಇರಲಿ. ಬೇರಿಂಗಿನ ಮೇಲು ಕೆಳಗು ಅದಲು ಬದಲಾಗುವುದು ಸುಲಭ, ಫೋಟೋ ನೋಡಿ ಖಚಿತಪಡಿಸಿಕೊಳ್ಳಿ. ಹೊಸ ನಟ್ ಹಾಕಿ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಕಂಪ್ರೆಸರನ್ನು ಬಿಗಿದಂತೆಯೇ, ಈ ಕಡೆ ಎರಡು ಆ ಕಡೆ ಎರಡು ಸುತ್ತು ಎಂದು ಸಡಿಲಿಸುತ್ತ, ತುದಿ ತಡೆಯಿಂದ ಜಾರುತ್ತಿಲ್ಲವೆಂದು ನೋಡುತ್ತಿರಿ. ಕೊನೆಗೆ ಮೌಂಟಿಂಗ್ ಹಿಡಿದು ತಿರುಗಿಸಿ. ಬೇರಿಂಗ್ ಯಾವ ಸಪ್ಪಳವೂ ಇಲ್ಲದೆ ನುಣುಪಾಗಿ ತಿರುಗಬೇಕು.

ಕಾರಿಗೆ ಕೂರಿಸುವುದು

ಸ್ಟ್ರಟ್ ಅನ್ನು ಕೆಳಗಿನಿಂದ ಎತ್ತಿ ಮೇಲಿನ ನಟ್‌ಗಳನ್ನು ಬೆರಳಿನಲ್ಲಿ ಸುತ್ತಿ ಬಿಡಿ, ಬಿಗಿಯಬೇಡಿ. ಬುಡವನ್ನು ನಕಲ್ ಮೇಲೆ ಕೂರಿಸಲು ಆರ್ಮ್ ಕೆಳಗಿನ ಜಾಕಿಯನ್ನು ಸ್ವಲ್ಪ ಏರಿಸಿ ಇಳಿಸಿ ಹೊಂದಿಸಿ. ಬೋಲ್ಟುಗಳು ಮೊದಲು ಯಾವ ಕಡೆಯಿಂದ ಬಂದಿದ್ದವೋ ಆ ಕಡೆಯಿಂದಲೇ ಹೋಗಲಿ. ಹಳೆಯ ಬಿಳಿ ಗೆರೆ ನಕಲ್ ಮೇಲೆ ಉಳಿದಿದೆ, ಹೊಸ ಬ್ರಾಕೆಟ್ಟಿನ ಅಂಚನ್ನು ಅದಕ್ಕೆ ಹೊಂದಿಸಿ ಹಿಡಿದು ನಟ್‌ಗಳನ್ನು ಪೂರ್ತಿ ಟಾರ್ಕ್‌ಗೆ ಬಿಗಿಯಿರಿ. ಬಿಗಿದಾದ ಮೇಲೆ ಪ್ರತಿ ನಟ್ ಮೇಲೂ ಪೇಂಟ್ ಪೆನ್ನಿನ ಒಂದು ಗೀಟು ಹಾಕುವುದು ನನ್ನ ರೂಢಿ. ಯಾವುದು ಮುಗಿದಿದೆ, ಯಾವುದು ಬಾಕಿ ಎಂಬ ಅನುಮಾನ ಉಳಿಯುವುದಿಲ್ಲ.

ಲಿಂಕ್ ರಾಡ್, ಹೋಸ್, ಸೆನ್ಸರ್ ತಂತಿ ಎಲ್ಲವನ್ನೂ ಮೊದಲಿನ ಜಾಗಕ್ಕೆ ಸೇರಿಸಿ. ಆಮೇಲೆ ಸ್ಟೇರಿಂಗ್ ಅನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಬ್ರೇಕ್ ಹೋಸ್ ನೋಡಿ. ಅದು ತಿರುಚಿಕೊಳ್ಳಬಾರದು, ಬಿಗಿಯಾಗಬಾರದು, ಟಯರಿಗೆ ಉಜ್ಜಬಾರದು. ಚಕ್ರ ಹಾಕಿ ಕಾರು ಇಳಿಸಿದ ಮೇಲೆ ಮೇಲಿನ ಮೌಂಟಿಂಗ್ ನಟ್‌ಗಳನ್ನು ಪೂರ್ತಿ ಬಿಗಿಯಿರಿ. ಚಕ್ರದ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿಯಿರಿ. ಸಣ್ಣ ಕಾರುಗಳಿಗೆ ಇದು ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರಿನೊಳಗೆ ಇರುತ್ತದೆ, ನಿಮ್ಮದಕ್ಕೆ ಎಷ್ಟೆಂದು ಮ್ಯಾನ್ಯುಯಲ್ ಹೇಳುತ್ತದೆ. ಕೆಲಸದ ನಡುವೆ ಕೆಳಗಿನ ಆರ್ಮ್‌ನ ಬುಷ್ ಬೋಲ್ಟನ್ನು ಸಡಿಲಿಸಿದ್ದರೆ ಅದರ ಕೊನೆಯ ಬಿಗಿತ ಕಾರು ಚಕ್ರದ ಮೇಲೆ ನಿಂತ ಮೇಲೆಯೇ ಆಗಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡು ಬೇಗ ಹರಿಯುತ್ತದೆ.

ಮೊದಲ ಓಟ

ಬ್ರೇಕ್ ಪೆಡಲನ್ನು ಎರಡು ಮೂರು ಸಲ ಒತ್ತಿ ಗಟ್ಟಿಯಾಗಿದೆಯೇ ನೋಡಿದ ಮೇಲೆಯೇ ಹೊರಡಿ. ಮನೆಯ ಮುಂದಿನ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಹೋಗಿ, ಕಿಟಕಿ ಇಳಿಸಿ, ಒಂದು ಹಂಪ್ ದಾಟಿ ಕಿವಿಗೊಟ್ಟು ಕೇಳಿ. ಹೊಸ ಶಾಕ್ ಮೊದಲಿಗೆ ಸ್ವಲ್ಪ ಗಡುಸು ಎನಿಸುತ್ತದೆ. ಕಾರಿನ ಮೂತಿ ಒಂದೆರಡು ಬೆರಳು ಎತ್ತರ ಕಂಡರೂ ಕೆಲವು ದಿನಗಳ ಓಡಾಟದಲ್ಲಿ ರಬ್ಬರುಗಳು ಕೂತು ಸರಿಹೋಗುತ್ತದೆ. ಟಕ್ ಎಂಬ ಸದ್ದು ಬಂದರೆ ಮಾತ್ರ ಮುಂದೆ ಹೋಗದೆ ಹಿಂತಿರುಗಿ, ಪ್ರತಿ ನಟ್ ಅನ್ನೂ ಮತ್ತೊಮ್ಮೆ ನೋಡಿ.

ಬಿಳಿ ಗೆರೆಗೆ ಎಷ್ಟೇ ಸರಿಯಾಗಿ ಹೊಂದಿಸಿದ್ದರೂ ಚಕ್ರದ ಅಲೈನ್‌ಮೆಂಟ್ ಮಾಡಿಸಲೇಬೇಕು. ಅದನ್ನು ಉಳಿತಾಯವೆಂದು ಬಿಟ್ಟವರ ಟಯರುಗಳು ಒಂದು ಅಂಚಿನಲ್ಲಿ ಬೋಳಾಗಿ ಆ ಉಳಿತಾಯದ ಹಲವು ಪಟ್ಟು ಹಣ ಕೇಳುತ್ತವೆ. ಮರುದಿನವೇ ಹೋಗಿ. ಅಲ್ಲಿಯವರೆಗೆ ಹೆದ್ದಾರಿಯ ವೇಗ ಬೇಡ. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್, ಬುಡದ ಬೋಲ್ಟು, ಮೇಲಿನ ನಟ್‌ಗಳಿಗೆ ಟಾರ್ಕ್ ರೆಂಚ್ ಮತ್ತೆ ಹಚ್ಚಿ ನೋಡಿ. ಪೇಂಟಿನ ಗೀಟು ಸರಿದಿದ್ದರೆ ನಟ್ ಸಡಿಲಾಗಿದೆ ಎಂದು ಅರ್ಥ.

ಹಳೆಯ ಶಾಕ್‌ಗಳನ್ನು ಗುಜರಿಗೆ ಕೊಡುವಾಗ ಒಳಗೆ ಎಣ್ಣೆಯೂ ಅನಿಲದ ಒತ್ತಡವೂ ಇದೆ ಎಂದು ಹೇಳಿ ಕೊಡಿ. ಕಸದ ಬೆಂಕಿಗೆ ಎಸೆದರೆ ಅವು ಸಿಡಿಯುತ್ತವೆ. ಕೊಳವೆಯನ್ನು ಕತ್ತರಿಸಿ ತೂಕಕ್ಕೆ ಹಾಕುವ ಹುಡುಗರಿಗೂ ಇದು ಗೊತ್ತಿರಬೇಕು.